ಕಣ್ಣಿಗೆ ಕಾಣದ ಪೆಟ್ಟು

ಕಾಗಿಣಾ ನದಿಯ ದಂಡೆಯ ದಂಡೋತಿಯ ಕಡೆಗೆ ಹೋಗಿಬಂದವರು ಆ ಭಾಗದ ಮನೆಗಳ ನೆಲವನ್ನು ಮರೆಯಲಾರರು. ಶಹಾಬಾದು ದೂರವಿಲ್ಲ, ಅಂಗಳ, ಪಡಸಾಲೆ, ಮೆಟ್ಟಿಲು ಎಲ್ಲಕ್ಕೂ ಫರಸಿ ಕಲ್ಲೇ. ಬೇಸಗೆಯ ಉರಿಯಲ್ಲಿ ಅಂಗಾಲಿಗೆ ತಂಪನ್ನೀಯುವ ಆ ಕಲ್ಲು, ಜಾರಿಬಿದ್ದ ತಲೆಗೆ ಮಾತ್ರ ಕರುಣೆ ತೋರದು. ಊರ ಹೊರಗಿನ ರಸ್ತೆಗಳಲ್ಲಿ ವಾಡಿ, ಸೇಡಂಗಳ ಸಿಮೆಂಟಿನ ಲಾರಿಗಳು. ಅವುಗಳ ಮಗ್ಗುಲಲ್ಲಿಯೆ ಹೆಲ್ಮೆಟ್ಟಿಲ್ಲದ ತರುಣರ ಮೋಟಾರು ಸೈಕಲ್ಲುಗಳು. ತಲೆಗೆ ಪೆಟ್ಟು ಬೀಳಲು ಇಲ್ಲಿ ಆಟದ ಮೈದಾನವೇ ಬೇಕೆಂದಿಲ್ಲ.

ಇಂಥ ಊರಿನ, ಹತ್ತನೆಯ ತರಗತಿಯ ಹುಡುಗನೊಬ್ಬ ಬಿದ್ದನೆಂದು ಇಟ್ಟುಕೊಳ್ಳೋಣ. ಎರಡು ನಿಮಿಷ ಮಂಕಾಗಿ ಕುಳಿತು ಎದ್ದ. ಕಲಬುರಗಿಗೆ ಒಯ್ದು ಸ್ಕ್ಯಾನ್ ಮಾಡಿಸಿದರು, ಏನೂ ಇಲ್ಲವೆಂದರು, ಮನೆಯವರು ದೇವರಿಗೆ ಕಾಯಿ ಒಡೆಸಿದರು. ತಿಂಗಳು ಕಳೆಯಿತು. ಹುಡುಗ ಪುಸ್ತಕ ಹಿಡಿದರೆ ಅಕ್ಷರ ಅಲುಗುತ್ತವೆ, ತರಗತಿಯ ಗದ್ದಲ ಸಹಿಸದು, ರಾತ್ರಿ ನಿದ್ದೆಯಿಲ್ಲ, ತಂಗಿಯ ಮೇಲೆ ಕಾರಣವಿಲ್ಲದೆ ಸಿಡುಕುತ್ತಾನೆ. “ಯವ್ವಾ, ತಲಿ ನೋಯ್ತದ” ಎಂದರೆ ತಾಯಿ ಮೊದಮೊದಲು ಹಣೆಗೆ ಎಣ್ಣೆ ಹಚ್ಚಿದಳು; ಈಗ “ಪರೀಕ್ಷಾ ಬಂತಂತ ನೆವ ಹೇಳಬ್ಯಾಡೋ” ಎನ್ನುತ್ತಾಳೆ. ಅವಳನ್ನು ಕಠಿಣಳೆನ್ನಲಾಗದು. ಏನೂ ಇಲ್ಲವೆಂದು ವೈದ್ಯರೇ ಹೇಳಿದ ಮೇಲೆ ಅವಳು ನಂಬಬೇಕಾದುದು ಯಾರನ್ನು?

ಗಂಟು ಇರುವುದು ಈ “ಏನೂ ಇಲ್ಲ” ಎಂಬ ಮಾತಿನಲ್ಲಿ. ಸಿ.ಟಿ. ಸ್ಕ್ಯಾನ್ ನೋಡುವುದು ರಕ್ತಸ್ರಾವವನ್ನು, ಎಲುಬಿನ ಬಿರುಕನ್ನು. ವೈದ್ಯರು ಕನ್‌ಕಷನ್ ಎನ್ನುವ, ನಾವು ಮಿದುಳಿನ ಅದುರು ಎನ್ನಬಹುದಾದ ಈ ಗಾಯದಲ್ಲಿ ಮುರಿದುದು ಸಾಮಾನ್ಯವಾಗಿ ಯಾವುದೂ ಕಾಣದು. ಕೆಟ್ಟಿರುವುದು ಕೆಲಸದ ಲಯ. ಅದುರಿದ ನರಕೋಶಗಳು ಮತ್ತೆ ಸಮಸ್ಥಿತಿಗೆ ಬರಲು ಹೆಚ್ಚು ಶಕ್ತಿಯನ್ನು ಬೇಡುತ್ತವೆ. ಅದೇ ಹೊತ್ತಿನಲ್ಲಿ ಮಿದುಳಿನ ರಕ್ತದ ಹರಿವು ತಗ್ಗಿರುತ್ತದೆ. ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ. ಈ ಅಸಮತೆಯ ಛಾಯಾಚಿತ್ರ ಆ ಯಂತ್ರಕ್ಕೆ ಸಿಕ್ಕದು.

ಬಹುಪಾಲು ಮಕ್ಕಳು ನಾಲ್ಕು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ನಿಜ. ಆದರೆ ಕೆನಡಾದ ವೈದ್ಯ ರೋಜರ್ ಝೆಮೆಕ್ ಮತ್ತು ಸಂಗಡಿಗರು ತುರ್ತು ಚಿಕಿತ್ಸೆಗೆ ಬಂದ ಸುಮಾರು 3,000 ಮಕ್ಕಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 28 ದಿನಗಳ ನಂತರವೂ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ತೊಂದರೆ ಉಳಿದಿತ್ತು. ಹದಿಮೂರು ದಾಟಿದವರಿಗೆ, ಹುಡುಗಿಯರಿಗೆ, ಹಿಂದೆ ಅರೆತಲೆನೋವು ಇದ್ದವರಿಗೆ ಅಪಾಯ ಹೆಚ್ಚು. ನಮ್ಮ ಹುಡುಗನು ನೆವ ಹೇಳುವವನಲ್ಲ, ಆ ಮೂರನೆಯವನು.

ನೋವನ್ನು ನುಂಗುವುದೇ ಪೌರುಷವೆಂಬ ಭಾವನೆಯೂ ಇಲ್ಲಿ ಕೆಲಸ ಮಾಡುತ್ತದೆ. 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಅನಿಲ್ ಕುಂಬ್ಳೆ ಚೆಂಡೆಸೆದ ಚಿತ್ರ ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿದೆ, ಮೆಚ್ಚತಕ್ಕುದೇ. ಆದರೆ ಆ ಮಾದರಿಯನ್ನು ಮಿದುಳಿಗೆ ಹೇಳಲಾಗದು. 2019ರಲ್ಲಿ ಲಾರ್ಡ್ಸ್‌ನಲ್ಲಿ ಆರ್ಚರ್‌ರ ಚೆಂಡು ಕುತ್ತಿಗೆಗೆ ಬಡಿದ ಸ್ಟೀವ್ ಸ್ಮಿತ್ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಮತ್ತೆ ಆಡಿದರು; ಲಕ್ಷಣಗಳು ತೋರಿಕೊಂಡುದು ಮರುದಿನ. ಅವರ ಸ್ಥಾನದಲ್ಲಿ ಲಾಬುಶೇನ್ ಆಡಿದರು. ತಲೆಗೆ ಪೆಟ್ಟಾದವನ ಬದಲಿಗೆ ಇನ್ನೊಬ್ಬನು ಪೂರ್ಣವಾಗಿ ಆಡಬಹುದೆಂಬ ನಿಯಮ ಟೆಸ್ಟ್ ಕ್ರಿಕೆಟ್ಟಿನಲ್ಲಿ ಮೊದಲು ಬಳಕೆಯಾದುದು ಆಗಲೇ.

ಇನ್ನು ಮನೆಯವರು ಮಾಡಬೇಕಾದುದೇನು? ಹಿಂದೆ ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದೇ ಚಿಕಿತ್ಸೆಯೆನಿಸಿತ್ತು. 2022ರ ಆಮ್‌ಸ್ಟರ್‌ಡ್ಯಾಮ್ ಸಮ್ಮೇಳನದ ತಜ್ಞರ ಅಭಿಪ್ರಾಯ ಬೇರೆ: ಒಂದೆರಡು ದಿನ ಸಾಕಷ್ಟು ವಿಶ್ರಾಂತಿ, ಮೊಬೈಲು ಮಿತ, ಆಮೇಲೆ ತಲೆನೋವು ತೀರ ಏರದಷ್ಟು ನಡಿಗೆ. ಅಮೆರಿಕದ ಜಾನ್ ಲೆಡ್ಡಿ 103 ಮಂದಿ ಹರೆಯದವರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇಗನೆ ಹಗುರ ವ್ಯಾಯಾಮ ಮಾಡಿದವರು 13 ದಿನಗಳಲ್ಲಿಯೂ, ಬರಿಯ ಮೈಚಾಚುವ ಕಸರತ್ತು ಮಾಡಿದವರು 17 ದಿನಗಳಲ್ಲಿಯೂ ಗುಣಹೊಂದಿದರು. ಸಂಜೆ ಹೊಲದ ದಾರಿಯಲ್ಲಿ ತಂದೆಯೊಡನೆ ನಡೆದುಬಂದರೆ ಅದಕ್ಕೆ ದುಡ್ಡೂ ಬೇಡ. ತಿಂಗಳು ಮೀರಿದ ತೊಂದರೆಗೆ ಹಲವು ವೇಳೆ ಮಿದುಳೊಂದೇ ಕಾರಣವಾಗಿರುವುದಿಲ್ಲ. ಕುತ್ತಿಗೆಯ ಉಳುಕು, ಒಳಗಿವಿಯ ಸಮತೋಲ, ಕಣ್ಣುಗಳ ಹೊಂದಾಣಿಕೆ, ಕೆಟ್ಟ ನಿದ್ದೆ, ಮನದ ಅಂಜಿಕೆ ಸೇರಿಕೊಂಡಿರುತ್ತವೆ. ಇವುಗಳಲ್ಲಿ ಬಹಳಷ್ಟಕ್ಕೆ ಬೇರೆ ಬೇರೆ ಚಿಕಿತ್ಸೆಗಳುಂಟು. ನಮ್ಮ ಹುಡುಗನ ಅಕ್ಷರ ಅಲುಗುವುದು ಕಣ್ಣಿನ ದೋಷವೋ ಎಂದು ಯಾರಾದರೂ ನೋಡಿದರೇ?

ತಾಯಂದಿರಿಗೆ ಒಂದು ಮಾತು. ಗಳಿಗೆಗೊಮ್ಮೆ “ನೋವು ಹ್ಯಾಂಗದ?” ಎಂದು ಕೇಳಿದರೆ ಮಗನ ಗಮನವೆಲ್ಲ ನೋವಿನಲ್ಲಿಯೇ ನಿಲ್ಲುತ್ತದೆ. ದಿನಕ್ಕೊಮ್ಮೆ ಕೇಳಿದರೆ ಸಾಕು. ಕೇಳಿದಾಗ ಉತ್ತರವನ್ನು ನಂಬಬೇಕು. ಹೆಣ್ಣುಮಕ್ಕಳ ಪಾಡು ಇನ್ನೂ ಸೂಕ್ಷ್ಮ: ತಲೆಗೆ ಪೆಟ್ಟಾಗಿದೆಯೆಂದು ಹೊರಗೆ ತಿಳಿದರೆ ನಾಳೆ ಮದುವೆಯ ಮಾತಿಗೆ ಅಡ್ಡಿಯಾದೀತೆಂದು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟ ಮನೆಯಲ್ಲಿ ಹುಡುಗಿ ಎಂದಿನಂತೆ ಕೊಡ ಹೊರುತ್ತಾಳೆ, ರೊಟ್ಟಿ ಬಡಿಯುತ್ತಾಳೆ. ಅವಳ ತಲೆಸುತ್ತು ಸೋಮಾರಿತನವೆನಿಸಿಕೊಳ್ಳುತ್ತದೆ.

ಉಪಾಧ್ಯಾಯರು ಇಲ್ಲಿ ಮಾಡಬಲ್ಲುದು ಬಹಳ. ಆರಂಭದಲ್ಲಿ ಅರ್ಧ ದಿನ ಶಾಲೆ. ಕಿಟಕಿಯ ಝಳವಿಲ್ಲದ ಮೂಲೆಯಲ್ಲಿ ಜಾಗ. ನಡುವೆ ಹತ್ತು ನಿಮಿಷ ಮರದ ನೆರಳು. ಮನೆಗೆಲಸದ ಹತ್ತು ಲೆಕ್ಕಗಳ ಬದಲು ನಾಲ್ಕು. ಹುಡುಗನನ್ನು ಶಾಲೆಯಿಂದ ಪೂರ್ತಿ ಬಿಡಿಸಿ ಮನೆಯಲ್ಲಿ ಕೂಡಿಸುವುದು ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಕೆಟ್ಟದು. ಗೆಳೆಯರನ್ನು ಕಳೆದುಕೊಂಡವನಿಗೆ ತಲೆನೋವು ಒಂದೇ ಸಂಗಾತಿಯಾಗುತ್ತದೆ.

ಮೊದಲ ದಿನಗಳಲ್ಲಿ ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಮಂಪರು, ಸೆಳವು, ಒಂದು ಪಕ್ಕದ ನಿಶ್ಶಕ್ತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್ ದಂಡೋತಿಗೆ ಐನೂರು ಕಿಲೋಮೀಟರಿಗೂ ದೂರ. ಆದರೆ ಮನಸ್ಸಿನ ಕುಗ್ಗಿಗೆ, ನಿದ್ದೆಗೇಡಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯನ್ನು 14416 ಎಂಬ ಸಂಖ್ಯೆಗೆ ಕರೆಮಾಡಿ ಕೇಳಬಹುದು, ಅದೂ ಕನ್ನಡದಲ್ಲಿ.

ಕ್ರಿಕೆಟ್ ಬ್ಯಾಟು, ಕಬಡ್ಡಿಯ ಅಂಗಳ ಇವುಗಳಿಗೆ ಅವಸರವಿಲ್ಲ. ಮೊದಲ ಅದುರು ಮಾಯುವ ಮುನ್ನ ಎರಡನೆಯದು ಬಿದ್ದರೆ ಕೇಡು ಹೆಚ್ಚು. ಹುಡುಗನು ಪೂರ್ತಿ ದಿನ ಪಾಠ ಕೇಳಿ, ತಲೆ ಹಿಡಿದುಕೊಳ್ಳದೆ ಮನೆಗೆ ಬರಲಿ. ವೈದ್ಯರೂ ಹೂಂ ಎನ್ನಲಿ. ಆವರೆಗೆ ಬ್ಯಾಟು ಅಟ್ಟದ ಮೇಲೆಯೇ ಇರಲಿ.