ಕಿಕ್ಕೇರಿಯ ಕವಿತೆ, ಅಶ್ವತ್ಥ್ ದನಿ: ಮಲ್ಲಿಗೆ ಹಾಡಾದ ಬಗೆ

ಸಿನಿಮಾದ ನೆರವಿಲ್ಲದೆಯೂ ಕನ್ನಡದ ಹಾಡೊಂದು ಮನೆಮಾತಾಗಬಲ್ಲದು ಎಂದು ತೋರಿಸಿದವರಲ್ಲಿ ಗಾಯಕ ಹಾಗೂ ಸ್ವರ ಸಂಯೋಜಕ ಸಿ.ಅಶ್ವತ್ಥ್ ಪ್ರಮುಖರು. ಹಾಸನ ಜಿಲ್ಲೆಯ ಅವರ ಸಂಗೀತಯಾತ್ರೆಯ ಮಹತ್ವದ ಅಧ್ಯಾಯವೊಂದು ಮಂಡ್ಯ ಜಿಲ್ಲೆಯ ಕವಿತೆಗಳೊಂದಿಗೆ ಬೆಸೆದುಕೊಂಡಿದೆ. ಕೆ.ಆರ್.ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರ ಜನವರಿ 26ರಂದು ಜನಿಸಿದ ಕೆ.ಎಸ್.ನರಸಿಂಹಸ್ವಾಮಿ ಅವರ 'ಮೈಸೂರು ಮಲ್ಲಿಗೆ' 1942ರಲ್ಲಿ ಪ್ರಕಟವಾಯಿತು. ಓದುಗರ ಮೆಚ್ಚುಗೆ ಗಳಿಸಿದ್ದ ಆ ಸಂಕಲನ, ದಶಕಗಳ ಬಳಿಕ ಕೇಳುಗರ ಸ್ವತ್ತೂ ಆಯಿತು.

ಕ್ಯಾಸೆಟ್ ತೆರೆದ ದಾರಿ

ಕವಿತೆಯನ್ನು ಹಾಡುವುದು ಕನ್ನಡಕ್ಕೆ ಹೊಸದಲ್ಲ. ಮಳವಳ್ಳಿ ಸೀಮೆಯ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುತ್ತ ಬಂದವರು. ಆಧುನಿಕ ಕವಿಗಳ ರಚನೆಗಳನ್ನು ಪಿ.ಕಾಳಿಂಗರಾಯರು ವೇದಿಕೆಗೂ ಗ್ರಾಮಫೋನ್ ತಟ್ಟೆಗೂ ತಂದಿದ್ದರು. ಆದರೆ ಹಳೆಯ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಹಾಡಿಗಷ್ಟೇ ಜಾಗವಿತ್ತು.

ಒಂದು ಗಂಟೆ ಅವಧಿಯ ಕ್ಯಾಸೆಟ್ ಈ ಮಿತಿಯನ್ನು ಕಳೆಯಿತು. ಒಬ್ಬನೇ ಕವಿಯ ಎಂಟು-ಹತ್ತು ಕವಿತೆಗಳನ್ನು ಒಟ್ಟಿಗೆ ಕೇಳಿಸುವುದು ಸಾಧ್ಯವಾಯಿತು. ಕೆ.ಎಸ್.ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಸಂಯೋಜಿಸಿದ 'ನಿತ್ಯೋತ್ಸವ' 1978ರಲ್ಲಿ ಹೊರಬಂದು ಭಾವಗೀತೆಗೆ ಮಾರುಕಟ್ಟೆಯಿದೆ ಎಂಬುದನ್ನು ಸಾಬೀತುಪಡಿಸಿತು.

ಮಾತಿಗೆ ಒಗ್ಗಿದ ರಾಗ

ಬೆಂಗಳೂರಿನ ಐಟಿಐ ಕಾರ್ಖಾನೆಯ ಉದ್ಯೋಗಿಯಾಗಿದ್ದ ಅಶ್ವತ್ಥ್, ರಂಗಸಂಗೀತದಿಂದ ಬೆಳೆದು 1977ರ 'ಕಾಕನಕೋಟೆ' ಚಿತ್ರದ ಮೂಲಕ ಸಿನಿಮಾಕ್ಕೆ ಬಂದರು. ಶಿಶುನಾಳ ಶರೀಫರ ತತ್ವಪದಗಳನ್ನು ತುಂಬುಗಂಠದಲ್ಲಿ ಹಾಡಿ ನಾಡಿನಾದ್ಯಂತ ಹೆಸರಾದರು.

ನರಸಿಂಹಸ್ವಾಮಿ ಅವರ ಕವಿತೆ ಬೇರೆಯದೇ ಬಗೆಯದು. ಅದು ಗಂಡ-ಹೆಂಡಿರ ಮೆಲುಮಾತು, ತವರಿನ ನೆನಪು, ಹುಸಿಮುನಿಸು. ಛಂದಸ್ಸಿನ ನಡೆ ಹಾಡಿಗೆ ಅನುಕೂಲವಾಗಿದ್ದರೂ, ರಾಗವನ್ನು ಹೆಚ್ಚು ಎಳೆದರೆ ಮಾತಿನ ಸಹಜತೆ ಕೆಡುವ ಅಪಾಯವಿತ್ತು. ಯಾವ ಸಾಲು ಪಲ್ಲವಿಯಾಗಬೇಕು, ಯಾವ ನುಡಿ ಬಿಡಬೇಕು, ಗಂಡುದನಿಯೋ ಹೆಣ್ಣುದನಿಯೋ ಎಂಬ ನಿರ್ಧಾರಗಳೆಲ್ಲ ಸಂಯೋಜಕನವು. ಕವಿತೆಯ ಮೊದಲ ವ್ಯಾಖ್ಯಾನಕಾರ ಅವನೇ.

ಟಿ.ಎಸ್.ನಾಗಾಭರಣ ನಿರ್ದೇಶನದ, ಗಿರೀಶ್ ಕಾರ್ನಾಡ್ ಹಾಗೂ ಸುಧಾರಾಣಿ ಅಭಿನಯದ 'ಮೈಸೂರು ಮಲ್ಲಿಗೆ' ಚಿತ್ರಕ್ಕೆ ಅಶ್ವತ್ಥ್ ಸಂಗೀತ ನೀಡಿದರು. 1991ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಕನ್ನಡ ಚಿತ್ರವೆನಿಸಿತು; ನರಸಿಂಹಸ್ವಾಮಿ ಅವರಿಗೆ ಅತ್ಯುತ್ತಮ ಗೀತರಚನೆಕಾರ ಪ್ರಶಸ್ತಿ ಸಂದಿತು. ಧಾಟಿಗೆ ಪದ ಹೊಂದಿಸುವ ಚಿತ್ರರಂಗದ ವಾಡಿಕೆಗೆ ಇದು ಅಪರೂಪದ ಅಪವಾದ. ಪದಗಳು ಹುಟ್ಟಿ ಅರ್ಧ ಶತಮಾನದ ಬಳಿಕ ಆ ಗೌರವ ದೊರೆತಿತ್ತು.

ಉಳಿದ ಪ್ರಶ್ನೆ

ಗಾಯನದಿಂದ ಕವಿತೆ ಗೆದ್ದಿತೆ, ಸೋತಿತೆ ಎಂಬ ಚರ್ಚೆ ಮುಗಿದಿಲ್ಲ. ಪುಸ್ತಕ ಕೊಳ್ಳದವರ ಮನೆಗೂ ಕವಿತೆ ತಲುಪಿತು ಎಂಬುದು ನಿಜ. ಆದರೆ ಜನಪ್ರಿಯ ಹಾಡುಗಳ ನೆರಳಿನಲ್ಲಿ, 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ತೆರೆದ ಬಾಗಿಲು' ಸಂಕಲನದ ಗಂಭೀರ ಕವಿ ಮರೆಯಾದರು ಎಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು. ದಾಂಪತ್ಯದ ಕವಿ ಎಂಬ ಒಂದೇ ಬಿರುದು ಅವರಿಗೆ ಅಂಟಿಕೊಂಡಿತು.

ನರಸಿಂಹಸ್ವಾಮಿ 2003ರಲ್ಲಿ ನಿಧನರಾದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮದಲ್ಲಿ ಭಾರೀ ಜನಸ್ತೋಮ ಕಂಡ ಅಶ್ವತ್ಥ್, 2009ರ ಡಿಸೆಂಬರ್ 29ರಂದು, ತಮ್ಮ 70ನೇ ಹುಟ್ಟುಹಬ್ಬದ ದಿನವೇ ಕೊನೆಯುಸಿರೆಳೆದರು. ಕ್ಯಾಸೆಟ್ ಕಾಲವೂ ಮುಗಿದಿದೆ. ಅದರ ಹೊದಿಕೆಯ ಮೇಲೆ ಕವಿಯ ಹೆಸರೂ ಸಂಯೋಜಕನ ಹೆಸರೂ ಇರುತ್ತಿದ್ದವು. ಮೊಬೈಲಿನಿಂದ ಮೊಬೈಲಿಗೆ ಸಾಗುವ ಹಾಡಿನ ತುಣುಕಿನಲ್ಲಿ ಬಹಳ ಸಲ ಎರಡೂ ಇರುವುದಿಲ್ಲ. ಹಾಡು ಕೇಳಿದವರು ಮೂಲ ಸಂಕಲನವನ್ನೂ ಒಮ್ಮೆ ತೆರೆದು ನೋಡಿದರೆ, ರಾಗಕ್ಕೆ ಸಿಗದೆ ಉಳಿದ ಕವಿತೆಗಳೂ ಅಲ್ಲಿ ಕಾದಿವೆ.