ಒಂದು ರುಜುವಿನ ಬೆಲೆ

ಹೊಟ್ಟೆಪಾಡಿಗಾಗಿ ನಾಡು ಬಿಟ್ಟು ಬಂದ ನಾವು ರಜೆ ಸಿಕ್ಕಾಗ ರೈಲು ಹತ್ತಿ ಊರಿಗೆ ಹೋಗಿಬರುತ್ತೇವೆ. ಹಂಗೇರಿಯ ವಕೀಲ ಲಾಯೊಶ್ ಕೊಶುತ್ ಅವರಿಗೆ ಆ ಭಾಗ್ಯವಿರಲಿಲ್ಲ. 1849ರಲ್ಲಿ ಗಡಿ ದಾಟಿದವರು ತಾಯ್ನಾಡಿಗೆ ಮರಳಿದ್ದು 1894ರಲ್ಲಿ, ಶವವಾಗಿ.

ಕೊಶುತ್ ಹುಟ್ಟಿದ್ದು 1802ರಲ್ಲಿ, ಮೊನೊಕ್ ಎಂಬ ಊರಿನಲ್ಲಿ. ತಂದೆಯಂತೆ ಮಗನೂ ವಕೀಲಿ ಹಿಡಿದರು. 1832ರಲ್ಲಿ ಶಾಸನಸಭೆಗೆ ಹೋದಾಗ ಅದರ ಕಲಾಪಗಳನ್ನು ಅಚ್ಚು ಹಾಕಿಸಲು ಸರಕಾರದ ಅಡ್ಡಿಯಿತ್ತು. ಕೊಶುತ್ ವರದಿಗಳನ್ನು ಕೈಬರಹದಲ್ಲಿಯೇ ಪ್ರತಿ ಮಾಡಿಸಿ ಊರೂರಿಗೆ ಕಳುಹಿಸಿದರು. 1837ರಲ್ಲಿ ಅವರನ್ನು ಬಂಧಿಸಲಾಯಿತು. ಸೆರೆಯಲ್ಲಿ ಅವರು ಷೇಕ್ಸ್‌ಪಿಯರನನ್ನು ಓದಿ ಇಂಗ್ಲಿಷ್ ಕಲಿತರು.

1848ರ ಕ್ರಾಂತಿ ಅವರನ್ನು ಹಣಕಾಸಿನ ಮಂತ್ರಿಯಾಗಿಸಿತು. ಮರುವರ್ಷ ಏಪ್ರಿಲ್ 14ರಂದು ಹಂಗೇರಿ ಹ್ಯಾಬ್ಸ್‌ಬರ್ಗ್ ಅರಸರ ಆಳಿಕೆಯನ್ನು ತೊರೆದು ಸ್ವಾತಂತ್ರ್ಯ ಸಾರಿತು, ಕೊಶುತ್ ರಾಷ್ಟ್ರಾಧ್ಯಕ್ಷರಾದರು. ಆದರೆ ಆಸ್ಟ್ರಿಯದ ನೆರವಿಗೆ ರಷ್ಯದ ಸೇನೆ ಬಂದಿತು. ಸೋತ ಕೊಶುತ್ ತುರ್ಕಿಯ ಆಶ್ರಯ ಪಡೆದರು. ಮುಂದೆ ಇಂಗ್ಲೆಂಡ್, ಅಮೆರಿಕಗಳಲ್ಲಿ ತಾಯ್ನಾಡಿನ ಪರವಾಗಿ ವಾದಿಸಿದರು. ಸೆರೆಮನೆಯಲ್ಲಿ ಕಲಿತ ಇಂಗ್ಲಿಷ್ ಅಲ್ಲಿ ಕೈಹಿಡಿಯಿತು. ಕೊನೆಗೆ ನೆಲೆಸಿದ್ದು ಇಟಲಿಯಲ್ಲಿ. ಮಗಳನ್ನೂ ಮಡದಿಯನ್ನೂ ಅಲ್ಲಿಯೇ ಕಳೆದುಕೊಂಡರು.

1867ರಲ್ಲಿ ಹಳೆಯ ಗೆಳೆಯ ದೆಆಕ್ ಆಸ್ಟ್ರಿಯದೊಡನೆ ಒಪ್ಪಂದ ಮಾಡಿಸಿದರು. ಕ್ಷಮಾದಾನವೂ ದೊರೆಯಿತು. ದೆಆಕರೂ ವಕೀಲರೇ, ದೇಶಭಕ್ತರೇ. ಆದರೂ ಕೊಶುತ್ ಒಪ್ಪಂದವನ್ನು ಬಹಿರಂಗ ಪತ್ರದಲ್ಲಿ ಖಂಡಿಸಿದರು, ಕ್ಷಮಾದಾನವನ್ನು ನಿರಾಕರಿಸಿದರು.

1879ರಲ್ಲಿ ಒಂದು ಕಾಯಿದೆ ಬಂದಿತು. ಹತ್ತು ವರ್ಷ ಪರದೇಶದಲ್ಲಿದ್ದವರು ಅಧಿಕಾರಿಗಳಲ್ಲಿ ಹೆಸರು ನೋಂದಾಯಿಸದಿದ್ದರೆ ನಾಗರಿಕತ್ವ ಹೋಗುವುದು. ಕಾಗದಪತ್ರಗಳ ನಡುವೆಯೇ ಬಾಳುವ ನಮ್ಮಂಥ ಗುಮಾಸ್ತರಿಗೆ ಅದು ಒಂದು ರುಜುವಿನ ಕೆಲಸ. ಆ ರುಜು ಹಾಕಿದರೆ ಹ್ಯಾಬ್ಸ್‌ಬರ್ಗ್ ಅರಸನನ್ನು ಒಪ್ಪಿದಂತೆ ಎಂದು ಕೊಶುತ್ ಹಾಕಲಿಲ್ಲ. 1890ರಲ್ಲಿ ನಾಗರಿಕತ್ವ ಹೋಯಿತು. ಈ ವಿವಾದದಲ್ಲಿಯೇ ಪ್ರಧಾನಮಂತ್ರಿ ತೀಸಾ ಪದವಿ ಬಿಟ್ಟಿಳಿದರು.

ಹಠವೆನ್ನುವವರು ಎನ್ನಲಿ. ಆ ಹಠವಾದಿ ಸುಮ್ಮನೆ ಕೊರಗುತ್ತ ಕುಳಿತಿರಲಿಲ್ಲ. ಟೂರಿನ್ ನಗರದಲ್ಲಿ ಕುಳಿತು ತಮ್ಮ ಕಾಲದ ಚರಿತ್ರೆಯನ್ನು ಕಾಗದಪತ್ರಗಳ ಸಮೇತ ಬರೆದರು. 1880ರಿಂದ ಆ ಸಂಪುಟಗಳು ಅಚ್ಚಾಗತೊಡಗಿದವು. 1894ರ ಮಾರ್ಚ್ 20ರಂದು ಅಲ್ಲಿಯೇ ತೀರಿಕೊಂಡರು. ಬುಡಾಪೆಸ್ಟಿನಲ್ಲಿ ಅಪಾರ ಜನ ಅವರ ಅಂತ್ಯಯಾತ್ರೆಗೆ ನೆರೆದರು. ಪಟ್ಟಿಯಿಂದ ಹೊಡೆದುಹಾಕಿದ ಹೆಸರನ್ನು ಜನ ಹೊಡೆದುಹಾಕಿರಲಿಲ್ಲ.

ನಮ್ಮದು ಅಂಥ ವನವಾಸವಲ್ಲ, ನಿಜ. ಆದರೂ ಒಂದು ಮಾತು ಕೇಳಿಕೊಳ್ಳಬಹುದು: ಊರು ಕಂಡ ನಮ್ಮ ಹಿರಿಯರು ಹೇಳುವ ಸಂಗತಿಗಳಲ್ಲಿ ಒಂದು ಪುಟವನ್ನಾದರೂ ನಾವು ಬರೆದಿಟ್ಟಿದ್ದೇವೆಯೇ?