ಫೈಟರ್ ಮೀನಿನ ಆರೈಕೆ: ಅಕ್ವೇರಿಯಂ ವ್ಯಾಪಾರಸ್ಥರು ತಿಳಿದಿರಬೇಕಾದ ಸಂಗತಿಗಳು

ಕಿರಾಣಿ ಅಂಗಡಿಯಲ್ಲಿ ಇಂದು ಉಳಿದ ಸರಕು ನಾಳೆ ಮಾರಾಟವಾಗುತ್ತದೆ. ಬೆಟಗೇರಿಯ ಮಗ್ಗದಿಂದ ಇಳಿದ ಸೀರೆ ಮುಂದಿನ ಹಬ್ಬದವರೆಗೂ ಕಪಾಟಿನಲ್ಲಿ ಕಾಯಬಲ್ಲದು. ಜೀವಂತ ಸರಕಿನ ವ್ಯಾಪಾರಕ್ಕೆ ಈ ಅನುಕೂಲವಿಲ್ಲ. ಅಲಂಕಾರಿಕ ಮೀನುಗಳನ್ನು ತಂದು ಮಾರುವವನ ಬಂಡವಾಳ ರಾತ್ರಿ ಬೆಳಗಾಗುವುದರೊಳಗೆ ನೀರಿನ ಮೇಲೆ ತೇಲಬಹುದು. ಮಾರಿದ ಮೇಲೂ ಅವನ ಹೊಣೆ ತೀರುವುದಿಲ್ಲ. ಮಗುವಿಗೆಂದು ಕೊಂಡ ಮೀನು ವಾರದೊಳಗೆ ಸತ್ತರೆ ಆ ಕುಟುಂಬ ಮತ್ತೆ ಅಂಗಡಿಯ ಮೆಟ್ಟಿಲು ಹತ್ತುವುದು ಕಷ್ಟ.

ಈ ವ್ಯಾಪಾರದಲ್ಲಿ ಅತಿ ಹೆಚ್ಚು ಬೇಡಿಕೆಯಿರುವ ಮೀನುಗಳಲ್ಲಿ ಗ್ರಾಹಕರು ‘ಫೈಟರ್’ ಎಂದು ಕರೆಯುವ ಬೆಟ್ಟಾ ಮೀನೂ ಒಂದು. ಸಣ್ಣ ಸ್ಥಳ, ಕಡಿಮೆ ಖರ್ಚು, ಕಣ್ಮನ ಸೆಳೆಯುವ ಬಣ್ಣ ಇದರ ಆಕರ್ಷಣೆ. ಆದರೆ ತಪ್ಪು ತಿಳಿವಳಿಕೆಯಿಂದ ಅತಿ ಹೆಚ್ಚು ನರಳುವ ಮೀನೂ ಇದೇ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದ ನೀರು ಮತ್ತು ಹವಾಮಾನವನ್ನು ಗಮನದಲ್ಲಿಟ್ಟುಕೊಂಡು, ಗಾಯಗೊಂಡ ಅಥವಾ ಕಾಯಿಲೆ ಬಿದ್ದ ಫೈಟರ್ ಮೀನನ್ನು ಆರೈಕೆ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೀನಿನ ಹಿನ್ನೆಲೆ

ಈ ಮೀನಿನ ತವರು ಥಾಯ್ಲೆಂಡ್. ‘ಬೆಟ್ಟಾ ಸ್ಪ್ಲೆಂಡೆನ್ಸ್’ ಎಂಬ ಶಾಸ್ತ್ರೀಯ ಹೆಸರು 1910ರಲ್ಲಿ ಬಂದಿತು. 2019ರಲ್ಲಿ ಥಾಯ್ಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಭತ್ತದ ಗದ್ದೆ ಹಾಗೂ ನಿಧಾನವಾಗಿ ಹರಿಯುವ ಕಾಲುವೆಗಳಲ್ಲಿ ಬದುಕುವ ಈ ಮೀನಿಗೆ ಕಿವಿರುಗಳ ಜೊತೆಗೆ, ಗಾಳಿಯನ್ನು ನೇರವಾಗಿ ಉಸಿರಾಡಲು ನೆರವಾಗುವ ವಿಶೇಷ ಅಂಗವೊಂದಿದೆ. ಆದ್ದರಿಂದಲೇ ಅದು ಆಗಾಗ ನೀರಿನ ಮೇಲ್ಮೈಗೆ ಬಂದು ಗಾಳಿ ಗುಟುಕರಿಸುತ್ತದೆ.

ಈ ಸಾಮರ್ಥ್ಯವೇ ಅದಕ್ಕೆ ಮುಳುವಾಗಿದೆ. ಗಾಳಿ ಉಸಿರಾಡುವುದರಿಂದ ಅಂಗೈಯಗಲದ ಗಾಜಿನ ಬಟ್ಟಲಿನಲ್ಲಿಯೂ ಕೂಡಲೇ ಸಾಯುವುದಿಲ್ಲ; ಇಷ್ಟರಿಂದಲೇ ಬಟ್ಟಲು ಸಾಕೆಂದು ಅನೇಕರು ಭಾವಿಸುತ್ತಾರೆ. ಆದರೆ ಮೀನಿನ ಮಲ ಮತ್ತು ತಿನ್ನದೆ ಉಳಿದ ಆಹಾರದಿಂದ ಹುಟ್ಟುವ ಅಮೋನಿಯ ಸಣ್ಣ ಬಟ್ಟಲಿನಲ್ಲಿ ಒಂದೆರಡು ದಿನಗಳಲ್ಲಿಯೇ ಏರುತ್ತದೆ. ಅದು ಕಿವಿರನ್ನು ಸುಡುತ್ತದೆ, ರೆಕ್ಕೆಯನ್ನು ದುರ್ಬಲಗೊಳಿಸುತ್ತದೆ, ರೋಗಾಣುಗಳಿಗೆ ದಾರಿ ಮಾಡಿಕೊಡುತ್ತದೆ. ಅಂಗಡಿಗೆ ದೂರಾಗಿ ಮರಳಿ ಬರುವ ಬಹುಪಾಲು ಕಾಯಿಲೆಗಳ ಮೂಲ ಕೆಟ್ಟ ನೀರಿನಲ್ಲಿಯೇ ಇರುತ್ತದೆ.

ನಮ್ಮ ಭಾಗದ ನೀರು

ಗದಗ-ಬೆಟಗೇರಿ ಅವಳಿ ನಗರಕ್ಕೆ ತುಂಗಭದ್ರಾ ನದಿಯ ನೀರು ಬರುತ್ತದೆ. ನಳದ ನೀರು ದಿನಗಟ್ಟಲೆ ಅಂತರದಲ್ಲಿ ಬರುವುದರಿಂದ ಅದನ್ನು ತೊಟ್ಟಿ, ಸಂಪು ಹಾಗೂ ಪ್ಲಾಸ್ಟಿಕ್ ಟ್ಯಾಂಕುಗಳಲ್ಲಿ ಸಂಗ್ರಹಿಸುವ ರೂಢಿ ಮನೆಮನೆಯಲ್ಲಿದೆ. ಮೀನು ಸಾಕುವವರಿಗೆ ಇದು ಒಂದು ಅನುಕೂಲವೇ ಸರಿ. ತೆರೆದ ಪಾತ್ರೆಯಲ್ಲಿ 24ರಿಂದ 48 ಗಂಟೆ ನಿಂತ ನೀರಿನಲ್ಲಿ ಸಾಮಾನ್ಯ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ನಳದಿಂದ ನೇರವಾಗಿ ಹಿಡಿದ ನೀರನ್ನು ಬಳಸುವುದು ಅನಿವಾರ್ಯವಾದರೆ ಕ್ಲೋರಿನ್ ನಿವಾರಕ ದ್ರಾವಣವನ್ನು ಹಾಕಬೇಕು. ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ‘ಹೈಪೋ’ ಎಂದು ಬಳಸುತ್ತಿದ್ದ ಸೋಡಿಯಂ ಥಯೋಸಲ್ಫೇಟ್ ಈ ಕೆಲಸಕ್ಕೆ ಒದಗುವ ವಸ್ತು.

ಕೊಳವೆಬಾವಿಯ ನೀರಿನ ವಿಷಯ ಬೇರೆ. ಈ ಭಾಗದ ಅಂತರ್ಜಲ ಗಡಸು. ಮುಂಡರಗಿ ತಾಲ್ಲೂಕಿನ ಹಲವೆಡೆ ಫ್ಲೋರೈಡ್ ಅಂಶವೂ ಹೆಚ್ಚು. ಇದಕ್ಕೆ ಪರಿಹಾರವೆಂದು ಕೆಲವರು ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಮಾತ್ರ ತುಂಬುತ್ತಾರೆ. ಅದೂ ಸರಿಯಲ್ಲ. ಆರ್‌ಓ ನೀರಿನಲ್ಲಿ ಲವಣಗಳು ತೀರ ಕಡಿಮೆಯಾಗುವುದರಿಂದ ಪಿಎಚ್ ಮಟ್ಟ ಸ್ಥಿರವಾಗಿ ನಿಲ್ಲುವುದಿಲ್ಲ. ಎರಡನ್ನೂ ಗೊತ್ತಾದ ಪ್ರಮಾಣದಲ್ಲಿ ಬೆರೆಸಿ, ಪ್ರತಿ ಸಲವೂ ಅದೇ ಪ್ರಮಾಣವನ್ನು ಪಾಲಿಸುವುದು ಕ್ಷೇಮ. ಪಿಎಚ್ 6.5ರಿಂದ 8ರವರೆಗೆ ಎಲ್ಲಿದ್ದರೂ ಫೈಟರ್ ಮೀನು ಹೊಂದಿಕೊಳ್ಳುತ್ತದೆ. ದಿನಕ್ಕೊಂದು ಬಗೆಯ ನೀರನ್ನು ಮಾತ್ರ ತಾಳಿಕೊಳ್ಳಲಾರದು.

ಇನ್ನು ಉಷ್ಣತೆ. ಈ ಮೀನಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಬೇಕು. ಬಯಲುಸೀಮೆಯ ಡಿಸೆಂಬರ್-ಜನವರಿ ರಾತ್ರಿಗಳಲ್ಲಿ ಸಣ್ಣ ಬಟ್ಟಲಿನ ನೀರು ಬೇಗನೆ ತಣ್ಣಗಾಗುತ್ತದೆ. ಮೀನು ಮಂಕಾಗಿ ತಳಕ್ಕೆ ಕೂರುತ್ತದೆ, ಆಹಾರ ಬಿಡುತ್ತದೆ, ರೋಗಕ್ಕೆ ತುತ್ತಾಗುತ್ತದೆ. ಚಳಿಗಾಲದಲ್ಲಿ 10-12 ಲೀಟರ್ ತೊಟ್ಟಿಗೆ 25 ವ್ಯಾಟ್ ಹೀಟರ್ ಸಾಮಾನ್ಯವಾಗಿ ಸಾಕಾಗುತ್ತದೆ. ಬೇಸಿಗೆಯಲ್ಲಿ ಕಿಟಕಿಯ ನೇರ ಬಿಸಿಲಿನಿಂದ ತೊಟ್ಟಿಯನ್ನು ದೂರವಿಡಬೇಕು.

ಸರಕು ಬಂದ ದಿನ

ದಕ್ಷಿಣ ಭಾರತದಲ್ಲಿ ಅಲಂಕಾರಿಕ ಮೀನಿನ ದೊಡ್ಡ ಪೇಟೆ ಚೆನ್ನೈನ ಕೊಳತ್ತೂರು. ಇಂತಹ ದೂರದ ಪೇಟೆಗಳಿಂದ ಬರುವ ಗಂಡು ಫೈಟರ್‌ಗಳನ್ನು ಒಂದೊಂದನ್ನೂ ಬೇರೆ ಬೇರೆ ಪುಟ್ಟ ಚೀಲದಲ್ಲಿ ಕಟ್ಟಿರುತ್ತಾರೆ. ಪ್ರಯಾಣದಲ್ಲಿ ಆ ಚೀಲದೊಳಗೆ ಅಮೋನಿಯ ಹಾಗೂ ಇಂಗಾಲದ ಡೈಆಕ್ಸೈಡ್ ಎರಡೂ ಸೇರಿರುತ್ತವೆ. ಇಂಗಾಲದ ಡೈಆಕ್ಸೈಡಿನಿಂದ ನೀರಿನ ಪಿಎಚ್ ಇಳಿದಿರುವವರೆಗೆ ಅಮೋನಿಯದ ವಿಷ ಕಡಿಮೆ. ಚೀಲ ಬಿಚ್ಚಿದೊಡನೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅಮೋನಿಯ ಹೆಚ್ಚು ವಿಷಕಾರಿಯಾಗುತ್ತದೆ. ಅದಕ್ಕೆ ಕ್ಷಾರಗುಣದ ಗಡಸು ನೀರನ್ನು ಬೆರೆಸುತ್ತ ಗಂಟೆಗಟ್ಟಲೆ ಕಾದರೆ ಅಪಾಯ ಇನ್ನೂ ಹೆಚ್ಚು.

ಆದ್ದರಿಂದ ಚೀಲವನ್ನು ಮುಚ್ಚಿದಂತೆಯೇ 15-20 ನಿಮಿಷ ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು ಉಷ್ಣತೆ ಸರಿದೂಗಿಸಬೇಕು. ಆಮೇಲೆ ಬಿಚ್ಚಿ, ಮೀನನ್ನು ತಡಮಾಡದೆ ಶುದ್ಧ ನೀರಿಗೆ ವರ್ಗಾಯಿಸಬೇಕು. ಚೀಲದ ನೀರನ್ನು ಎಂದಿಗೂ ತೊಟ್ಟಿಗೆ ಸುರಿಯಬಾರದು. ಹೊಸ ಸರಕನ್ನು ಹಳೆಯದರಿಂದ ಎರಡು ವಾರ ಬೇರೆಯಾಗಿಡುವುದು ಒಳ್ಳೆಯ ಪದ್ಧತಿ. ಬಂದ ದಿನವೇ ಮಾರಿಬಿಡುವ ಆತುರ ಸಹಜವಾದರೂ ಆ ಆತುರವೇ ರೋಗವನ್ನು ಗ್ರಾಹಕನ ಮನೆಗೆ ತಲುಪಿಸುತ್ತದೆ. ಪ್ರತಿ ಗುಂಪಿಗೆ ಬೇರೆ ಬಲೆ ಬಳಸಿ, ಬಳಸಿದ ಬಲೆಯನ್ನು ಸೋಂಕುನಿವಾರಕದಲ್ಲಿ ಅದ್ದಿ, ತೊಳೆದು, ಪೂರ್ತಿ ಒಣಗಿಸಬೇಕು.

ಆರೈಕೆ ತೊಟ್ಟಿ

ಕಾಯಿಲೆಯ ಮೀನಿಗೆ ಪ್ರತ್ಯೇಕ ತೊಟ್ಟಿ ಅವಶ್ಯಕ. ಇದಕ್ಕೆ ದೊಡ್ಡ ಖರ್ಚಿಲ್ಲ. 5ರಿಂದ 10 ಲೀಟರ್ ಹಿಡಿಯುವ, ಹಿಂದೆ ಸಾಬೂನು ಅಥವಾ ರಾಸಾಯನಿಕ ತಾಗಿರದ ಪಾತ್ರೆ ಸಾಕು. ತಳದಲ್ಲಿ ಕಲ್ಲು-ಮರಳು ಬೇಡ. ನೀರು 10ರಿಂದ 15 ಸೆಂಟಿಮೀಟರ್ ಆಳವಿದ್ದರೆ ನಿತ್ರಾಣಗೊಂಡ ಮೀನು ಗಾಳಿಗಾಗಿ ಸುಲಭವಾಗಿ ಮೇಲೆ ಬರಬಲ್ಲದು. ಗಾಳಿಯಾಡುವ ಮುಚ್ಚಳ ಇರಲೇಬೇಕು. ಈ ಮೀನು ಹಾರುತ್ತದೆ, ಮತ್ತು ನೀರಿನ ಮೇಲಿನ ಗಾಳಿಯೂ ಬೆಚ್ಚಗೆ ತೇವವಾಗಿರಬೇಕು. ಫಿಲ್ಟರ್ ಇಲ್ಲದ ಪಾತ್ರೆಯಲ್ಲಿ ದಿನಕ್ಕೊಮ್ಮೆ ಕಾಲುಭಾಗದಿಂದ ಅರ್ಧಭಾಗದವರೆಗೆ ನೀರು ಬದಲಿಸಬೇಕು. ಹೊಸ ನೀರಿನ ಉಷ್ಣತೆ ಹಳೆಯದಕ್ಕೆ ಸಮನಾಗಿರಬೇಕು.

ಗಾಯ ಮತ್ತು ರೋಗಗಳು

ಹರಿದ ರೆಕ್ಕೆ: ಎರಡು ಗಂಡುಗಳ ಕಾದಾಟ, ಚೂಪಾದ ಪ್ಲಾಸ್ಟಿಕ್ ಗಿಡ, ಫಿಲ್ಟರಿನ ಸೆಳೆತ ಇದಕ್ಕೆ ಕಾರಣ. ಸೀಳು ನೇರವಾಗಿದ್ದು ಅಂಚಿನ ಬಣ್ಣ ಬದಲಾಗಿರದಿದ್ದರೆ ಔಷಧ ಬೇಡ. ಕಾರಣವನ್ನು ನಿವಾರಿಸಿ ಶುದ್ಧ ನೀರು ಕೊಟ್ಟರೆ ಕೆಲವು ವಾರಗಳಲ್ಲಿ ರೆಕ್ಕೆ ತಾನಾಗಿ ಬೆಳೆಯುತ್ತದೆ. ಹೊಸ ಭಾಗ ಮೊದಲು ಪಾರದರ್ಶಕವಾಗಿ ಕಾಣುತ್ತದೆ. ಅದು ಗುಣವಾಗುತ್ತಿರುವ ಲಕ್ಷಣ.

ರೆಕ್ಕೆ ಕೊಳೆತ: ಅಂಚು ಕಪ್ಪಾಗಿ ಅಥವಾ ಕೆಂಪಾಗಿ, ದಿನದಿಂದ ದಿನಕ್ಕೆ ಸವೆಯುತ್ತಿದ್ದರೆ ಅದು ಬ್ಯಾಕ್ಟೀರಿಯಾ ಸೋಂಕು. ಆರಂಭದಲ್ಲಿ ದಿನನಿತ್ಯ ನೀರು ಬದಲಾವಣೆ, ಸ್ಥಿರ ಉಷ್ಣತೆ ಹಾಗೂ ಉಪ್ಪಿನ ಚಿಕಿತ್ಸೆ ಸಾಮಾನ್ಯವಾಗಿ ಫಲ ನೀಡುತ್ತವೆ. ಬೇರೇನೂ ಬೆರೆಸದ ಹರಳುಪ್ಪನ್ನು ಲೀಟರಿಗೆ 1ರಿಂದ 2 ಗ್ರಾಂನಂತೆ ಬೇರೆ ಪಾತ್ರೆಯಲ್ಲಿ ಕರಗಿಸಿ ನಿಧಾನವಾಗಿ ಸೇರಿಸಬೇಕು. ನೀರು ಬದಲಿಸಿದಾಗ ತೆಗೆದ ನೀರಿನ ಪ್ರಮಾಣಕ್ಕೆ ತಕ್ಕಷ್ಟೇ ಉಪ್ಪನ್ನು ಮರಳಿ ಹಾಕಬೇಕು. 10 ದಿನ ಮೀರಿ ಮುಂದುವರಿಸುವುದು ತರವಲ್ಲ.

ಬಿಳಿ ಚುಕ್ಕೆ: ಮೈಮೇಲೆ ಉಪ್ಪಿನ ಕಣ ಉದುರಿಸಿದಂತೆ ಕಾಣುವ ಪರೋಪಜೀವಿ ರೋಗ. ಔಷಧ ಕೆಲಸ ಮಾಡುವುದು ರೋಗಾಣು ಮೀನಿನ ಮೈಬಿಟ್ಟು ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ. ಆದ್ದರಿಂದ ಚುಕ್ಕೆ ಮಾಯವಾದೊಡನೆ ಚಿಕಿತ್ಸೆ ನಿಲ್ಲಿಸಿದರೆ ರೋಗ ಮರಳುತ್ತದೆ. ಉಷ್ಣತೆಯನ್ನು ಕ್ರಮೇಣ 28-29 ಡಿಗ್ರಿಗೆ ಏರಿಸಿದರೆ ರೋಗಾಣುವಿನ ಜೀವನಚಕ್ರ ಬೇಗ ಮುಗಿದು ಚಿಕಿತ್ಸೆಯ ಅವಧಿ ತಗ್ಗುತ್ತದೆ.

ಹೊಂಬಣ್ಣದ ಧೂಳು: ಟಾರ್ಚ್ ಬೆಳಕಿನಲ್ಲಿ ಮೈಮೇಲೆ ಚಿನ್ನದ ಪುಡಿಯಂತೆ ಕಂಡರೆ ‘ವೆಲ್ವೆಟ್’ ರೋಗ. ಇದರ ರೋಗಾಣುವಿಗೆ ಬೆಳಕು ಪೋಷಕ. ಆದ್ದರಿಂದ ಔಷಧದ ಜೊತೆಗೆ ತೊಟ್ಟಿಯನ್ನು ಕತ್ತಲಾಗಿಡುವುದು ಸಹಕಾರಿ.

ಹೊಟ್ಟೆಯುಬ್ಬರ: ಮೀನು ಓರೆಯಾಗಿ ತೇಲಿದರೆ ಬಹಳ ಸಲ ಅತಿ ಆಹಾರವೇ ಕಾರಣ. ಒಂದೆರಡು ದಿನ ಉಪವಾಸವಿರಿಸಿ, ಆಮೇಲೆ ದಿನಕ್ಕೆರಡು ಸಲ ಎರಡು-ಮೂರು ಕಾಳಿನಷ್ಟೇ ಆಹಾರ ನೀಡಬೇಕು. ಆದರೆ ಮೈ ಊದಿ ಹುರುಪೆಗಳು ಹೊರಕ್ಕೆ ನಿಗುರಿ ನಿಂತಿದ್ದರೆ ಒಳಗಿನ ಅಂಗಗಳು ಸೋತಿವೆಯೆಂದೇ ಅರ್ಥ. ಇಂತಹ ಮೀನು ಉಳಿಯುವುದು ಅಪರೂಪ; ಗ್ರಾಹಕನಿಗೆ ಈ ಸತ್ಯವನ್ನು ಹೇಳುವುದು ಪ್ರಾಮಾಣಿಕ ವ್ಯಾಪಾರಸ್ಥನ ಕರ್ತವ್ಯ.

ಔಷಧದ ವಿವೇಕ

ಮಿಥಿಲಿನ್ ಬ್ಲೂ ಶಿಲೀಂಧ್ರ ಸೋಂಕಿಗೆ ಉಪಯುಕ್ತ. ಆದರೆ ಅದು ಫಿಲ್ಟರಿನಲ್ಲಿ ಅಮೋನಿಯವನ್ನು ಕರಗಿಸುವ ಉಪಕಾರಿ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದರಿಂದ ಆರೈಕೆ ತೊಟ್ಟಿಯಲ್ಲಿ ಮಾತ್ರ ಬಳಸಬೇಕು. ಎರಡು-ಮೂರು ಔಷಧಗಳನ್ನು ಏಕಕಾಲಕ್ಕೆ ಬೆರೆಸಬಾರದು. ಮನುಷ್ಯರ ಆಂಟಿಬಯೋಟಿಕ್ ಗುಳಿಗೆಯನ್ನು ಬಿಚ್ಚಿ ನೀರಿಗೆ ಸುರಿಯುವ ಅಭ್ಯಾಸ ನಿಲ್ಲಬೇಕು. ಅದರಿಂದ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಕಠಿಣ ಪ್ರಕರಣಗಳಲ್ಲಿ ಪಶುವೈದ್ಯರ ಅಥವಾ ಮೀನುಗಾರಿಕೆ ತಜ್ಞರ ಸಲಹೆ ಪಡೆಯಬೇಕು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಮಹಾವಿದ್ಯಾಲಯ ನಡೆಯುತ್ತಿದೆ.

ಕೈಯಲ್ಲಿ ಗಾಯವಿರುವವರು ಕೈಗವಸಿಲ್ಲದೆ ತೊಟ್ಟಿಗೆ ಕೈ ಹಾಕಬಾರದು. ಮೀನಿನಿಂದ ಮನುಷ್ಯನ ಚರ್ಮಕ್ಕೆ ಅಂಟುವ, ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯುವ ಸೋಂಕುಗಳೂ ಇವೆ. ಕಾಯಿಲೆಯ ಮೀನನ್ನಾಗಲಿ ತೊಟ್ಟಿಯ ನೀರನ್ನಾಗಲಿ ಕೆರೆಗೆ ಬಿಡುವುದು ಸಲ್ಲದು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬುದನ್ನು ಈ ಭಾಗದ ವ್ಯಾಪಾರಸ್ಥರು ಮರೆಯಬಾರದು.

ಉದ್ಯಮಕ್ಕಿರುವ ಅವಕಾಶ

ಆರೈಕೆಯ ಜ್ಞಾನ ಹರಡಿದಂತೆ ಹೊಸ ಸರಕುಗಳಿಗೂ ಬೇಡಿಕೆ ಹುಟ್ಟುತ್ತದೆ. ಗಾಜಿನ ಕೆಲಸ ಮಾಡುವ ಸಣ್ಣ ಉದ್ದಿಮೆದಾರರು 30 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ ಹಾಗೂ 25 ಸೆಂಟಿಮೀಟರ್ ಎತ್ತರದ, ಮುಚ್ಚಳವುಳ್ಳ ತೊಟ್ಟಿಯನ್ನು ಸಿದ್ಧಪಡಿಸಬಹುದು. 20 ಸೆಂಟಿಮೀಟರ್‌ವರೆಗೆ ನೀರು ತುಂಬಿದರೆ ಸುಮಾರು 12 ಲೀಟರ್ ಹಿಡಿಯುತ್ತದೆ. ಒಂದು ಎಚ್ಚರಿಕೆ: ಸ್ನಾನಗೃಹದ ಕೆಲಸಕ್ಕೆ ಬಳಸುವ, ಬೂಷ್ಟು ನಿರೋಧಕ ಬೆರೆಸಿದ ಸಿಲಿಕೋನ್ ಮೀನಿಗೆ ವಿಷ. ಅಕ್ವೇರಿಯಂಗೆಂದೇ ತಯಾರಾದ ಸಿಲಿಕೋನನ್ನು ಬಳಸಿ, ಕೆಲವು ದಿನ ಪೂರ್ತಿ ಒಣಗಲು ಬಿಟ್ಟು, ನೀರು ತುಂಬಿ ಪರೀಕ್ಷಿಸಿದ ಮೇಲೆಯೇ ಮಾರಾಟಕ್ಕಿಡಬೇಕು.

ಶಾಲೆ-ಕಚೇರಿಗಳ ಅಂಗಳದಲ್ಲಿ ಬೆಳೆಯುವ ಕಾಡುಬಾದಾಮಿ ಮರದ ಉದುರಿದ ಒಣ ಎಲೆಗಳಿಗೂ ಫೈಟರ್ ಸಾಕುವವರಲ್ಲಿ ಬೇಡಿಕೆಯಿದೆ. ಎಲೆಯ ಒಗರು ಅಂಶ ನೀರಿಗಿಳಿದು ಚಹಾದ ಬಣ್ಣ ಕೊಡುತ್ತದೆ, ಕೆಲವು ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ಔಷಧಕ್ಕೆ ಬದಲಿಯಾಗದಿದ್ದರೂ ಆರೈಕೆಗೆ ನೆರವಾಗುತ್ತದೆ. ಕೀಟನಾಶಕ ತಾಗದ, ರಸ್ತೆಯ ಧೂಳಿಲ್ಲದ ಎಲೆಗಳನ್ನು ಆರಿಸಿ, ತೊಳೆದು, ಒಣಗಿಸಿ ಪೊಟ್ಟಣ ಕಟ್ಟುವುದು ಮಹಿಳಾ ಸ್ವಸಹಾಯ ಸಂಘಗಳಿಗೆ ಒಪ್ಪುವ ಕೆಲಸ.

ಮೀನು ಮರಿ ಮಾಡಿ ಸಾಕುವ ಆಸಕ್ತಿಯುಳ್ಳವರು ಗಮನಿಸಬೇಕಾದುದು: 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ, ಮಧ್ಯಮ ಘಟಕಕ್ಕೆ 8 ಲಕ್ಷ ರೂಪಾಯಿ ವೆಚ್ಚ ನಿಗದಿಯಾಗಿತ್ತು. ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಸಹಾಯಧನವನ್ನು ಹೇಳಲಾಗಿತ್ತು. ಸದ್ಯದ ನಿಯಮಗಳನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ನಂಬಿಕೆಯ ಲೆಕ್ಕ

ಉದಾಹರಣೆಗೆ, ಹತ್ತು ಮೀನು ತಂದು ನಾಲ್ಕು ಸತ್ತರೆ ಉಳಿದ ಆರರ ಮೇಲೆ ಹತ್ತರ ಅಸಲು ಬೀಳುತ್ತದೆ. ಅಂದರೆ ಒಂದೊಂದು ಮೀನಿನ ಅಸಲು ಮೂರನೆಯ ಎರಡರಷ್ಟು ಏರಿದಂತೆ. ಇದನ್ನು ದರ ಹೆಚ್ಚಿಸಿ ತುಂಬಿಕೊಳ್ಳುವುದಕ್ಕಿಂತ ಎರಡು ವಾರದ ಆರೈಕೆಯಿಂದ ಉಳಿಸಿಕೊಳ್ಳುವುದು ಲಾಭದಾಯಕ. ಕಾಯಿಲೆಯ ಮೀನನ್ನು ಗಾಜಿನ ಮುಂದಿಡದೆ ಹಿಂದಿನ ಆರೈಕೆ ತೊಟ್ಟಿಗೆ ಸರಿಸುವ ಅಂಗಡಿಗೆ ಒಂದು ದಿನದ ಮಾರಾಟ ತಪ್ಪಬಹುದು, ಗ್ರಾಹಕ ತಪ್ಪುವುದಿಲ್ಲ. ಮೀನಿನ ಜೊತೆಗೆ ನೀರು, ಆಹಾರ, ಉಷ್ಣತೆ ಹಾಗೂ ರೋಗಲಕ್ಷಣಗಳನ್ನು ಕನ್ನಡದಲ್ಲಿ ತಿಳಿಸುವ ಒಂದು ಚೀಟಿ ಕೊಟ್ಟರೆ ಇನ್ನೂ ಉತ್ತಮ. ಮುದ್ರಣಕ್ಕೆ ಹೆಸರಾದ ಗದುಗಿನಲ್ಲಿ ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯ ಮೊದಲರ್ಧ ಮೀನಿಗೂ ಉತ್ತರಾರ್ಧ ವ್ಯಾಪಾರಸ್ಥನಿಗೂ ಸಮನಾಗಿ ಅನ್ವಯಿಸುತ್ತದೆ. ಮಾರುವ ಮುನ್ನ ನಾಲ್ಕು ಮಾತು ತಿಳಿಸಿ ಹೇಳಿದ ಅಂಗಡಿಗೆ ಗ್ರಾಹಕ ದೂರು ಹೊತ್ತು ಬರುವುದಿಲ್ಲ. ಎರಡನೆಯ ತೊಟ್ಟಿ ಕೊಳ್ಳಲು ಬರುತ್ತಾನೆ.